ಅನುಭವಿಗಳ ಜೊತೆ ರೋಲ್ ಮಾಡಿದಾಗೆಲ್ಲ ಬರೀ ಟ್ಯಾಪ್: ನಾನು ಕಲಿಯುತ್ತಿದ್ದೇನಾ?

ಪ್ರಶ್ನೆ: ನನಗೆ 34 ವರ್ಷ, ತೂಕ 62 ಕೆಜಿ. ಎಂಟು ತಿಂಗಳಿಂದ ಬ್ರೆಜಿಲಿಯನ್ ಜಿಯು-ಜಿಟ್ಸು (ಹೆಚ್ಚಾಗಿ ನೆಲದ ಮೇಲೆ ಹಿಡಿದು ಸೆಣಸುವ, ಕುಸ್ತಿಯಂಥ ಆಟ) ಕಲಿಯುತ್ತಿದ್ದೇನೆ, ಇನ್ನೂ ಮೊದಲ ಹಂತದ ವೈಟ್ ಬೆಲ್ಟ್. ಕೆಲಸದ ಕಾರಣ ರಾತ್ರಿ ಬ್ಯಾಚ್‌ಗೆ ಹೋಗುತ್ತೇನೆ. ಅಲ್ಲಿ ಹೆಚ್ಚಿನವರು ಮೇಲಿನ ಹಂತದ ಪರ್ಪಲ್, ಬ್ರೌನ್ ಬೆಲ್ಟ್‌ನವರು. ಐದು ನಿಮಿಷದ ಒಂದು ರೌಂಡ್‌ನಲ್ಲಿ ರೋಲ್ ಮಾಡುವಾಗ, ಅಂದರೆ ಜೋಡಿಯಾಗಿ ಸೆಣಸುವಾಗ, ನಾಲ್ಕೈದು ಸಲ ಟ್ಯಾಪ್ ಮಾಡುತ್ತೇನೆ (ಸೋಲೊಪ್ಪಿ ಕೈ ತಟ್ಟುತ್ತೇನೆ). ನನ್ನ ಒಂದು ಪಟ್ಟೂ ನಡೆಯುವುದಿಲ್ಲ. ‘ಅವರು ತಡೆದುಕೊಳ್ತಾರೆ, ನೀನು ಪೂರ್ತಿ ಜೋರಾಗಿ ಹೋಗು’ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ‘ಅಷ್ಟು ಬೇಗ ಟ್ಯಾಪ್ ಮಾಡಬೇಡ, ಗಟ್ಟಿಯಾಗೋದು ಹಾಗೇನೇ’ ಅಂತ ಇನ್ನೊಬ್ಬ. ಎರಡು ವಾರದ ಹಿಂದೆ 95 ಕೆಜಿಯ ಹಿರಿಯರೊಬ್ಬರ ಕೆಳಗೆ ಸಿಕ್ಕಿಕೊಂಡಾಗ ಬಲಗಡೆ ಪಕ್ಕೆಲುಬು ಚಟಕ್ ಅಂದಂತಾಯಿತು. ಈಗಲೂ ಕೆಮ್ಮಿದರೆ ನೋವು. ಇನ್ನೊಬ್ಬರು ಗೀ (ಅಭ್ಯಾಸದ ದಪ್ಪ ಉಡುಪು) ಇಲ್ಲದ ದಿನ ನನ್ನ ಹಿಮ್ಮಡಿ ಹಿಡಿದು ತಿರುಗಿಸುವ ಪಟ್ಟು ಹಾಕುತ್ತಾರೆ. ಹಿರಿಯರು ಕರೆದಾಗ ಬೇಡ ಅನ್ನುವುದು ಅಗೌರವ ಅಂತಲೂ ಕೇಳಿದ್ದೇನೆ. ಶನಿವಾರ ಹೊಸಬರ ಬ್ಯಾಚ್ ಇದೆ. ಅದಕ್ಕೆ ಹೋದರೆ ಹಿಂದೆ ಬೀಳುತ್ತೇನಾ? ಹೀಗೇ ಮುಂದುವರಿದರೆ ನಾನು ಏನಾದರೂ ಕಲಿಯುತ್ತೇನಾ?

ಉತ್ತರ: ಮೊದಲು ಪಕ್ಕೆಲುಬಿನ ವಿಷಯ ಮುಗಿಸೋಣ. ಎರಡು ವಾರ ಆದಮೇಲೂ ಕೆಮ್ಮಿದರೆ ನೋಯುತ್ತದೆ ಅಂದರೆ ಡಾಕ್ಟರಿಗೆ ತೋರಿಸಿ. ಎಲುಬು ಬಿರುಕು ಬಿಟ್ಟಿರಬಹುದು, ಅದು ಎದೆಯ ಮುಂಭಾಗಕ್ಕೆ ಸೇರುವ ಕಡೆ ಇರುವ ಮೃದ್ವಸ್ಥಿಗೆ ಪೆಟ್ಟಾಗಿರಬಹುದು, ಅಥವಾ ಬರೀ ಸ್ನಾಯು ಎಳೆದಿರಬಹುದು. ಹೊರಗಿನಿಂದ ನೋಡಿ ಇದನ್ನು ನಾನೂ ಹೇಳಲಾರೆ, ನಿಮ್ಮ ಕೋಚ್ ಕೂಡ ಹೇಳಲಾರರು. ಉಸಿರಾಡುವುದಕ್ಕೇ ಕಷ್ಟವಾಗುತ್ತಿದ್ದರೆ ಇವತ್ತೇ ಹೋಗಿ. ಉಸಿರಾಡುವಾಗೆಲ್ಲ ಪಕ್ಕೆಲುಬು ಅಲ್ಲಾಡುತ್ತಲೇ ಇರುತ್ತದೆ. ಹಾಗಾಗಿ ವಾಸಿಯಾಗಲು ವಾರಗಟ್ಟಲೆ ಹಿಡಿಯುತ್ತದೆ. ಡಾಕ್ಟರು ಸರಿ ಅನ್ನುವವರೆಗೆ ರೋಲಿಂಗ್ ಬೇಡ. ಕ್ಲಾಸಿಗೆ ಹೋಗಿ ಕೂತು ನೋಡಿ, ಅವರು ಒಪ್ಪಿದರೆ ನೋಯದಂಥ ಡ್ರಿಲ್ ಮಾಡಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಒಂದು, ನಾನು ಕಲಿಯುತ್ತಿದ್ದೇನಾ ಅನ್ನೋದು. ಇನ್ನೊಂದು, ಪೆಟ್ಟು ಮಾಡಿಕೊಳ್ಳದೆ ಇದರಲ್ಲಿ ಉಳಿಯುತ್ತೇನಾ ಅನ್ನೋದು. ಎರಡರ ಬೇರೂ ಒಂದೇ. ಹಿರಿಯರ ಜೊತೆಗಿನ ರೌಂಡನ್ನು ನೀವು ಪಂದ್ಯ ಅಂದುಕೊಂಡು ಒಳಗೆ ಹೋಗುತ್ತಿದ್ದೀರಿ. ಪಂದ್ಯ ಅಂದುಕೊಂಡರೆ ಗೆಲುವು, ಸೋಲು ಎರಡೇ ಇರುತ್ತವೆ, ಮತ್ತು ನೀವು ಪ್ರತಿ ಸಲ ಸೋಲುತ್ತೀರಿ. ಅದರ ಬದಲು ಒಂದೇ ಒಂದು ಕೆಲಸ ಇಟ್ಟುಕೊಂಡು ಹೋಗಬೇಕು. ಆ ಕೆಲಸ ಏನು ಅಂತ ಎದುರಿಗಿರುವವರಿಗೆ ಬಾಯಿಬಿಟ್ಟು ಹೇಳಬೇಕು. ಹತ್ತಾರು ಹೊಸಬರನ್ನು ಹತ್ತಿರದಿಂದ ನೋಡಿ ಹೇಳುತ್ತಿದ್ದೇನೆ, ಇದೊಂದು ಬದಲಾದರೆ ಕಲಿಕೆಯೂ ಬದಲಾಗುತ್ತದೆ, ಪೆಟ್ಟೂ ಕಮ್ಮಿಯಾಗುತ್ತದೆ.

ಐದು ನಿಮಿಷದಲ್ಲಿ ನಾಲ್ಕೈದು ಟ್ಯಾಪ್ ಅನ್ನೋದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್‌ನ ನಿಯಮದ ಪ್ರಕಾರ ಸಾಮಾನ್ಯವಾಗಿ ವೈಟ್ ನಂತರದ ಬ್ಲೂ ಬೆಲ್ಟ್‌ನಲ್ಲಿ ಕನಿಷ್ಠ 2 ವರ್ಷ, ಪರ್ಪಲ್‌ನಲ್ಲಿ ಒಂದೂವರೆ ವರ್ಷ ಕಳೆದ ಮೇಲೆ ಬ್ರೌನ್ ಸಿಗುತ್ತದೆ. ಅಂದರೆ ನಿಮ್ಮೆದುರಿನ ಬ್ರೌನ್ ಬೆಲ್ಟ್‌ನವರು ಬ್ಲೂ ಸಿಕ್ಕಿದ ಮೇಲೇ ಮೂರೂವರೆ ವರ್ಷ ಮ್ಯಾಟ್ ಮೇಲೆ ಕಳೆದಿರುತ್ತಾರೆ. ಬಹಳ ಜನರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತದೆ. ಎಂಟು ತಿಂಗಳಿನವರು ಅವರಿಗೆ ಟ್ಯಾಪ್ ಮಾಡುವುದು ಸಹಜ.

ಆದರೆ ಯಾಕೆ ಹಾಗಾಗುತ್ತದೆ ಅಂತ ತಿಳಿಯುವುದು ಮುಖ್ಯ. ಹಿರಿಯರಿಗೆ ಬಲ ಜಾಸ್ತಿ, ವೇಗ ಜಾಸ್ತಿ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಎರಡೂ ಇರುವುದಿಲ್ಲ. ಸೈಡ್ ಕಂಟ್ರೋಲ್, ಅಂದರೆ ಪಕ್ಕದಿಂದ ನಿಮ್ಮ ಎದೆಯ ಮೇಲೆ ಅಡ್ಡ ಬಿದ್ದು ಒತ್ತಿ ಹಿಡಿಯುವುದು, ಅದೊಂದನ್ನೇ ತೆಗೆದುಕೊಳ್ಳಿ. ಅವರ ಮಂಡಿ ಮ್ಯಾಟ್‌ನಿಂದ ಮೇಲೆದ್ದಿರುತ್ತದೆ, ಕಾಲ್ಬೆರಳು ಮಾತ್ರ ಊರಿರುತ್ತದೆ. ಹಾಗಾಗಿ ಮೈಭಾರ ಬಹುಪಾಲು ಅವರ ಎದೆಯಿಂದ ನಿಮ್ಮ ಎದೆಯ ಅಂಗೈಯಗಲ ಜಾಗಕ್ಕೆ ಇಳಿಯುತ್ತದೆ. ಒಂದು ಭುಜ ನಿಮ್ಮ ದವಡೆಗೆ ಒತ್ತಿ ಮುಖವನ್ನು ಆಚೆ ತಿರುಗಿಸುತ್ತದೆ. ಮುಖ ಆಚೆ ಹೋದರೆ ಮೈ ಈಚೆ ತಿರುಗುವುದು ಬಲು ಕಷ್ಟ. ಆಗ ನೀವೇನು ಮಾಡುತ್ತೀರಿ? ಎರಡೂ ಕೈ ಚಾಚಿ ಅವರನ್ನು ಮೇಲಕ್ಕೆ ತಳ್ಳುತ್ತೀರಿ. ಮೊಣಕೈ ಪಕ್ಕೆ ಬಿಟ್ಟು ಮೇಲೆ ಬಂತು. ಅವರು ಕಾಯುತ್ತಿದ್ದದ್ದು ಅದಕ್ಕೇ. ಕೈ ಅಮೆರಿಕಾನಾಗೋ (ಭುಜ ತಿರುಚುವ ಪಟ್ಟು) ಆರ್ಮ್‌ಬಾರ್‌ಗೋ (ಮೊಣಕೈ ಹಿಂದಕ್ಕೆ ಬಾಗಿಸುವ ಪಟ್ಟು) ಸಿಕ್ಕಿಬೀಳುತ್ತದೆ. ನೀವು ಮನೆಗೆ ಹೋಗಿ ‘ಆರ್ಮ್‌ಬಾರ್‌ಗೆ ಸೋತೆ’ ಅಂದುಕೊಳ್ಳುತ್ತೀರಿ. ನಿಜವಾಗಿ ಸೋತಿದ್ದು ಮೊಣಕೈ ಪಕ್ಕೆ ಬಿಟ್ಟ ಕ್ಷಣದಲ್ಲಿ.

ಅವರು ಮುಂದೆ ಇರುವುದು ಇಲ್ಲೇ. ನೀವು ಏನು ಮಾಡಬಹುದು ಅನ್ನುವುದು ಅವರಿಗೆ ಗೊತ್ತು, ಯಾಕೆಂದರೆ ನಿಮ್ಮಂಥ ಹೊಸಬರು ಆ ಜಾಗದಲ್ಲಿ ಮಾಡುವುದು ಎರಡು ಮೂರು ಕೆಲಸಗಳನ್ನಷ್ಟೇ. ಆ ದಾರಿಗಳನ್ನು ಮೊದಲೇ ಮುಚ್ಚಿ, ಒಂದನ್ನು ಬೇಕಂತಲೇ ತೆರೆದಿಟ್ಟು ಕೂತಿರುತ್ತಾರೆ. ಅದರ ಜೊತೆಗೆ ನೀವು ಉಸಿರು ಬಿಗಿಹಿಡಿಯುತ್ತೀರಿ, ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದು ಬಿಡುವುದೇ ಇಲ್ಲ. ಬಿಗಿದ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಓಡುವುದಿಲ್ಲ, ಎರಡನೇ ನಿಮಿಷಕ್ಕೆ ಮುಂಗೈ ಕಲ್ಲಾಗಿರುತ್ತದೆ. ಅವರು ಭಾರ ಹಾಕಿ ವಿಶ್ರಾಂತಿ ತಗೊಳ್ಳುತ್ತಿದ್ದಾರೆ, ನೀವು ಭಾರ ಹೊತ್ತು ಸುಸ್ತಾಗುತ್ತಿದ್ದೀರಿ. ನಾನು ನೋಡಿರುವ ಪಕ್ಕೆಲುಬಿನ ಪೆಟ್ಟುಗಳೂ ಹೆಚ್ಚಾಗಿ ಇಂಥ ಹೊತ್ತಿನಲ್ಲೇ ಆದವು. ಚಪ್ಪಟೆಯಾಗಿ ಮಲಗಿ, ಉಸಿರು ಕಟ್ಟಿ, ಮೇಲೆ ಪೂರ್ತಿ ಭಾರ ಇರುವಾಗ ಒಮ್ಮೆಲೇ ತಿರುಚಿದಾಗ.

ಇನ್ನು ಗೆಳೆಯರ ಸಲಹೆಗಳು. ‘ಅವರು ತಡೆದುಕೊಳ್ತಾರೆ, ಜೋರಾಗಿ ಹೋಗು’ ಅನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ದಯವಿಟ್ಟು ಬಿಟ್ಟುಬಿಡಿ. ಹೊಸಬರ ಪೂರ್ತಿ ವೇಗ ಅಂದರೆ ಎಲ್ಲಿಗೆ ಬರುತ್ತದೋ ಗೊತ್ತಿಲ್ಲದ ಮೊಣಕೈ, ಮುಖಕ್ಕೆ ತಗಲುವ ಮಂಡಿ. ಹಿರಿಯರಿಗೂ ಮೂಗಿದೆ, ಹಲ್ಲಿದೆ, ನಾಳೆ ಕೆಲಸವಿದೆ. ನೀವು ಹಾಗೆ ನುಗ್ಗಿದರೆ ತಮ್ಮನ್ನು ಕಾಪಾಡಿಕೊಳ್ಳಲು ಅವರಿಗೆ ಒಂದೇ ದಾರಿ: ನಿಮ್ಮನ್ನು ಅಲುಗಾಡದಂತೆ ಒತ್ತಿ ಹಿಡಿಯುವುದು. ನೀವು ಅನುಭವಿಸುತ್ತಿರುವ ಒತ್ತಡದಲ್ಲಿ ಒಂದಷ್ಟು ಪಾಲು ನಿಮ್ಮ ವೇಗಕ್ಕೆ ಅವರು ಕೊಟ್ಟ ಉತ್ತರ ಆಗಿರಬಹುದು. ಮುಂದಿನ ರೌಂಡ್‌ನಲ್ಲಿ ನೀವು ನಿಧಾನ ಮಾಡಿ ನೋಡಿ. ಒಳ್ಳೆಯ ಹಿರಿಯರಾದರೆ ಅರ್ಧ ನಿಮಿಷದಲ್ಲಿ ಅವರೂ ನಿಧಾನವಾಗುತ್ತಾರೆ. ನೀವು ನಿಧಾನ ಮಾಡಿದರೂ ಅವರು ಮಾಡದಿದ್ದರೆ, ಅವರ ಜೊತೆ ಇನ್ನು ರೋಲ್ ಮಾಡಬೇಕಾ ಅನ್ನುವುದಕ್ಕೆ ಉತ್ತರ ಸಿಕ್ಕಿತು.

‘ಬೇಗ ಟ್ಯಾಪ್ ಮಾಡಬೇಡ’ ಅನ್ನುವುದು ಇನ್ನೂ ಕೆಟ್ಟ ಸಲಹೆ. ಸರಿಯಾಗಿ ಕೂತ ಚೋಕ್ ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತುತ್ತದೆ. ಮಿದುಳಿಗೆ ರಕ್ತ ಕಮ್ಮಿಯಾಗಿ ಕೆಲವೇ ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ಅಷ್ಟರಲ್ಲಿ ಹಲ್ಲು ಕಚ್ಚಿಕೊಂಡಿದ್ದರಿಂದ ಯಾರೂ ಗಟ್ಟಿಯಾಗುವುದಿಲ್ಲ. ಕೈ ಕೀಲಿನ ಪಟ್ಟಿನಲ್ಲಂತೂ ತಡಮಾಡಿದರೆ ತಿಂಗಳುಗಟ್ಟಲೆ ಮ್ಯಾಟ್‌ನಿಂದ ದೂರ. 1951ರಲ್ಲಿ ರಿಯೋದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ಪಟು ಮಸಾಹಿಕೋ ಕಿಮುರಾ, ಬ್ರೆಜಿಲಿಯನ್ ಜಿಯು-ಜಿಟ್ಸು ಕಟ್ಟಿದವರಲ್ಲಿ ಒಬ್ಬರಾದ ಎಲಿಯೋ ಗ್ರೇಸಿಯ ತೋಳನ್ನು ಬೆನ್ನ ಹಿಂದಕ್ಕೆ ತಿರುಗಿಸಿ ಹಿಡಿದರು. ಎಲಿಯೋ ಟ್ಯಾಪ್ ಮಾಡಲಿಲ್ಲ, ಅವರ ಕಡೆಯವರೇ ಪಂದ್ಯ ನಿಲ್ಲಿಸಬೇಕಾಯಿತು. ಆ ಪಟ್ಟಿಗೆ ಇವತ್ತಿಗೂ ಕಿಮುರಾ ಅಂತಲೇ ಹೆಸರು. ಆ ಕಥೆ ಹೇಳಿ ಹೊಸಬರನ್ನು ಹುರಿದುಂಬಿಸುವವರಿದ್ದಾರೆ. ಆದರೆ ಅದು ಸಾವಿರಾರು ಜನರ ಮುಂದೆ ನಡೆದ ಪಂದ್ಯ. ನಿಮ್ಮದು ವಾರದ ಮಧ್ಯದ ರಾತ್ರಿ ಅಭ್ಯಾಸ, ಬೆಳಗ್ಗೆ ಆ ಕೈ ಬೇಕು.

ಅಭ್ಯಾಸದಲ್ಲಿ ಪೂರ್ತಿ ಬಲ ಹಾಕಿ ಸೆಣಸಲು ಆಗುವುದೇ ಟ್ಯಾಪ್ ಅನ್ನುವುದು ಇರುವುದರಿಂದ. ಜೂಡೋ ಹುಟ್ಟುಹಾಕಿದ ಜಿಗೋರೋ ಕಾನೋ 1882ರಲ್ಲಿ ತಮ್ಮ ಶಾಲೆ ಕೊಡೋಕಾನ್ ಶುರು ಮಾಡಿದಾಗ ಅಪಾಯಕಾರಿ ಪಟ್ಟುಗಳನ್ನು ಮುಕ್ತ ಸೆಣಸಾಟದಿಂದ ಹೊರಗಿಟ್ಟು, ಉಳಿದವುಗಳನ್ನು ಪ್ರತಿರೋಧಿಸುವ ಎದುರಾಳಿಯ ಮೇಲೆ ದಿನಾ ಪ್ರಯೋಗಿಸುವ ಪದ್ಧತಿಗೆ ಒತ್ತು ಕೊಟ್ಟರು. ಅಲ್ಲಿ ಕಲಿತ ಮಿತ್ಸುಯೋ ಮಾಯೆದಾ 1914ರಲ್ಲಿ ಬ್ರೆಜಿಲ್ ತಲುಪಿದರು, ಮುಂದೆ ಎಲಿಯೋ ಅವರ ಅಣ್ಣ ಕಾರ್ಲೋಸ್ ಗ್ರೇಸಿಗೆ ಕಲಿಸಿದರು. ನಮ್ಮ ರೋಲಿಂಗ್ ಬಂದಿದ್ದು ಆ ದಾರಿಯಲ್ಲಿ. ನಾಳೆಯೂ ಬಂದು ಆಡಬಹುದು ಅನ್ನುವುದೇ ಇದರ ಬಲ.

ಹಾಗಾದರೆ ಹಿರಿಯರ ಕೆಳಗೆ ಮಾಡಬೇಕಾದ ಕೆಲಸ ಏನು? ನಿಮ್ಮ ತೂಕಕ್ಕೆ, ನಿಮ್ಮ ಹಂತಕ್ಕೆ ನಾನು ಕೊಡುವ ಮೊದಲ ಕೆಲಸ ಇದು: ಚಪ್ಪಟೆಯಾಗಿ ಮಲಗಬಾರದು, ಮೊಣಕೈ ಪಕ್ಕೆ ಬಿಡಬಾರದು. ಅಷ್ಟೇ. ಸೈಡ್ ಕಂಟ್ರೋಲ್ ಪೂರ್ತಿ ಕೂರುವ ಮೊದಲೇ ಅವರ ಕಡೆಗೆ ಮಗ್ಗುಲಾಗಿ. ಒಂದು ಮುಂಗೈ ಅವರ ಕತ್ತು ಭುಜ ಸೇರುವ ಕಡೆ, ಇನ್ನೊಂದು ಸೊಂಟದ ಎಲುಬಿಗೆ ಅಡ್ಡ. ತೋಳಿನಿಂದ ತಳ್ಳಬೇಡಿ. ಮುಂಗೈಯ ಎಲುಬು ಅಡ್ಡ ಇರಲಿ, ಜಾಗ ಮಾಡುವುದು ನಿಮ್ಮ ಸೊಂಟ. ಒಮ್ಮೆ ಬ್ರಿಡ್ಜ್ ಮಾಡಿ (ಪಾದ ಊರಿ ಸೊಂಟ ಮೇಲೆತ್ತಿ), ಅವರ ಭಾರ ಸ್ವಲ್ಪ ಆಚೆ ಸರಿದಾಗ ಸೊಂಟ ಹಿಂದಕ್ಕೆ ಎಳೆದುಕೊಳ್ಳಿ, ಕೆಳಗಿನ ಮಂಡಿಯನ್ನು ಒಳಗೆ ತೂರಿಸಿ. ಮಂಡಿ ನಿಮ್ಮ ಮೊಣಕೈಗೆ ತಗುಲಿದರೆ ಅರ್ಧ ಗೆದ್ದಂತೆ. ಉಸಿರು ಬಿಡುವುದನ್ನು ಬ್ರಿಡ್ಜ್ ಜೊತೆ ಸೇರಿಸಿ, ಬೇಕಾದರೆ ಕೇಳಿಸುವಂತೆಯೇ ಬಿಡಿ. ಬಿಡುವುದು ನೆನಪಿದ್ದರೆ ಎಳೆದುಕೊಳ್ಳುವುದು ತಾನಾಗಿ ಆಗುತ್ತದೆ.

ರೌಂಡ್ ಶುರುವಾಗುವ ಮುನ್ನ ಕೈ ಕುಲುಕುವಾಗ ಹೇಳಿಬಿಡಿ: ‘ಸರ್, ಸೈಡ್ ಕಂಟ್ರೋಲ್‌ನಿಂದ ಶುರು ಮಾಡೋಣ್ವಾ? ನಾನು ಬಿಡಿಸಿಕೊಂಡರೆ ಮತ್ತೆ ಅಲ್ಲಿಂದಲೇ. ಬಲ ಪಕ್ಕೆಗೆ ಪೆಟ್ಟಾಗಿತ್ತು, ಹೊಟ್ಟೆ ಮೇಲೆ ಮಂಡಿ ಬೇಡ.’ ಹತ್ತು ಸೆಕೆಂಡಿನ ಮಾತು. ಹೊಸಬರು ಹೀಗೆ ಕೇಳಿದರೆ ನನಗಂತೂ ಖುಷಿಯಾಗುತ್ತದೆ. ನನಗೆ ಗೊತ್ತಿರುವ ಹಿರಿಯರಲ್ಲಿ ಬಹುತೇಕರೂ ಹಾಗೇ. ಐದು ನಿಮಿಷದಲ್ಲಿ ಒಂದೇ ಜಾಗಕ್ಕೆ ಏಳೆಂಟು ಸಲ ಹೋಗಿ ಬರುತ್ತೀರಿ. ಸುಮ್ನೆ ಪೂರ್ತಿ ರೋಲ್ ಮಾಡಿದರೆ ಆ ಜಾಗ ಒಂದೆರಡು ಸಲ ಸಿಗಬಹುದು, ಅದೂ ಸುಸ್ತಾದ ಮೇಲೆ.

ರೌಂಡ್ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ. ‘ಆ ಚೋಕ್ ಹೇಗೆ ಹಾಕಿದ್ರಿ’ ಅಂತ ಕೇಳಬೇಡಿ. ‘ನಾನು ಮೊದಲು ಎಲ್ಲಿ ಎಡವಿದೆ?’ ಅಂತ ಕೇಳಿ. ಮೊದಲನೆಯದಕ್ಕೆ ಇನ್ನೊಂದು ಹೊಸ ಪಟ್ಟು ಸಿಗುತ್ತದೆ, ನಾಳೆಗೆ ಮರೆತುಹೋಗುತ್ತದೆ. ಎರಡನೆಯದಕ್ಕೆ ನಿಮ್ಮದೇ ತಪ್ಪು ಸಿಗುತ್ತದೆ, ಅದು ಪ್ರತಿ ರೌಂಡ್‌ನಲ್ಲೂ ಕೆಲಸಕ್ಕೆ ಬರುತ್ತದೆ.

ಕಲಿಕೆಯನ್ನು ಅಳೆಯುವುದು ಹೇಗೆ? ಟ್ಯಾಪ್ ಎಣಿಸಬೇಡಿ. ಎದುರಿನವರ ಕೈ ನೋಡಿ. ಮೊದಮೊದಲು ಅವರು ಒಂದೇ ಹಿಡಿತದಲ್ಲಿ ನಿಮ್ಮನ್ನು ಮುಗಿಸುತ್ತಾರೆ. ಎಂದಾದರೂ ಒಂದು ದಿನ ಆ ಹಿಡಿತ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಕೊನೆಗೆ ಟ್ಯಾಪ್ ಆಗಿದ್ದರೂ ಅವತ್ತು ನೀವು ಒಂದು ಬಾಗಿಲು ಮುಚ್ಚಿದ್ದೀರಿ. ಹಾಗೇ, ಅದೇ ಪಟ್ಟಿಗೆ ತಿಂಗಳುಗಟ್ಟಲೆ ಸಿಗುತ್ತಿದ್ದವರು ಬೇರೆ ಪಟ್ಟಿಗೆ ಸಿಗಲು ಶುರು ಮಾಡಿದರೆ ಅದೂ ಮುನ್ನಡೆಯೇ. ಹೊರಗಿನಿಂದ ನೋಡುವವರಿಗೆ ಇದು ಕಾಣಲ್ಲ, ನಿಮ್ಮ ಕೋಚ್‌ಗೆ ಕಾಣುತ್ತದೆ.

ಈಗ ಹಿಮ್ಮಡಿಯ ವಿಷಯ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ನೀವು ಹೇಳುತ್ತಿರುವುದು ಹೀಲ್ ಹುಕ್. ಅದರಲ್ಲಿ ಹಿಮ್ಮಡಿ ಬರೀ ಹಿಡಿಕೆ, ತಿರುಚುವುದು ಮಂಡಿಯನ್ನು. ತೋಳಿನ ಪಟ್ಟುಗಳಲ್ಲಿ ನೋವು ಮೊದಲು ಬಂದು ಎಚ್ಚರಿಸುತ್ತದೆ. ಇದರಲ್ಲಿ ನೋವು ಗೊತ್ತಾಗುವ ಹೊತ್ತಿಗೆ ಮಂಡಿಯ ಲಿಗಮೆಂಟ್ ಹರಿದಿರಬಹುದು. ಐಬಿಜೆಜೆಎಫ್ ಪಂದ್ಯಗಳಲ್ಲಿ ಗೀ ಹಾಕಿದಾಗ ಹೀಲ್ ಹುಕ್ ಯಾವ ಬೆಲ್ಟ್‌ಗೂ ಇಲ್ಲ. ಗೀ ಇಲ್ಲದ ವಿಭಾಗದಲ್ಲಿ ವಯಸ್ಕ ಬ್ರೌನ್, ಬ್ಲ್ಯಾಕ್ ಬೆಲ್ಟ್‌ನವರಿಗೆ ಬಿಟ್ಟದ್ದೇ 2021ರಲ್ಲಿ. ವೈಟ್ ಬೆಲ್ಟ್‌ಗೆ ಕಾಲಿನ ಪಟ್ಟುಗಳಲ್ಲಿ ನೇರ ಆ್ಯಂಕಲ್ ಲಾಕ್ ಒಂದಕ್ಕೇ ಅವಕಾಶ. ಸ್ಪರ್ಧೆಯಲ್ಲೇ ಇಷ್ಟು ಬಿಗಿ ಇರುವಾಗ, ಅದರಿಂದ ಹೊರಬರುವುದನ್ನು ಯಾರೂ ಕಲಿಸದ ವೈಟ್ ಬೆಲ್ಟ್ ಮೇಲೆ ಅಭ್ಯಾಸದಲ್ಲಿ ಅದನ್ನು ಹಾಕುವುದು ಸರಿಯಲ್ಲ. ಕೆಲವು ಜಿಮ್‌ಗಳಲ್ಲಿ ಮೊದಲಿನಿಂದಲೇ ಕಾಲಿನ ಪಟ್ಟು ಕಲಿಸುತ್ತಾರೆ, ಅದು ಬೇರೆ ಮಾತು. ಅಲ್ಲಿ ಹಿಡಿದು ನಿಲ್ಲಿಸುತ್ತಾರೆ, ತಿರುಚುವುದಿಲ್ಲ.

ಹಾಗಾಗಿ, ನಿಮ್ಮ ಕಾಲು ಅವರ ಕಾಲುಗಳ ನಡುವೆ ಸಿಕ್ಕಿ, ಹಿಮ್ಮಡಿ ಅವರ ಮೊಣಕೈ ಸಂದಿಗೆ ಬಂದ ತಕ್ಷಣ ಟ್ಯಾಪ್ ಮಾಡಿ. ನೋಯುವವರೆಗೆ ಕಾಯಬೇಡಿ. ಗಾಬರಿಯಿಂದ ಉರುಳಿ ಬಿಡಿಸಿಕೊಳ್ಳಲು ಹೋಗಬೇಡಿ, ತಪ್ಪು ದಿಕ್ಕಿಗೆ ಉರುಳಿದರೆ ಅವರು ಮಾಡದ ಹಾನಿಯನ್ನು ನೀವೇ ಮಾಡಿಕೊಳ್ಳುತ್ತೀರಿ. ಕೈಗಳು ಸಿಕ್ಕಿಕೊಂಡಿದ್ದರೆ ‘ಟ್ಯಾಪ್’ ಅಂತ ಜೋರಾಗಿ ಕೂಗಿ. ಮತ್ತು ಆ ಹಿರಿಯರಿಗೆ ನೇರವಾಗಿ ಹೇಳಿ: ‘ನನಗೆ ಹೀಲ್ ಹುಕ್ ಗೊತ್ತಿಲ್ಲ, ನನ್ನ ಮೇಲೆ ಬೇಡ.’ ಹೇಳಿದ ಮೇಲೂ ಹಾಕಿದರೆ ಕೋಚ್‌ಗೆ ತಿಳಿಸಿ. ಇದು ಚಾಡಿ ಹೇಳುವುದಲ್ಲ.

ಹಿರಿಯರಿಗೆ ಬೇಡ ಅನ್ನುವುದು ಅಗೌರವವಾ? ಕೆಲವು ಜಾಗಗಳಲ್ಲಿ ಕಿರಿಯರು ಹಿರಿಯರನ್ನು ರೋಲ್‌ಗೆ ಕರೆಯಬಾರದು ಅನ್ನುವ ರೂಢಿ ಇದೆ. ಅದು ಆಯಾ ಜಾಗದ ಶಿಷ್ಟಾಚಾರ, ಆಟದ ನಿಯಮವಲ್ಲ. ಅಲ್ಲಿ ಹಾಗಿದ್ದರೆ ಪಾಲಿಸಿ, ತೊಂದರೆಯಿಲ್ಲ. ಆದರೆ ಕರೆದಾಗ ಒಪ್ಪಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ‘ಇವತ್ತು ಬೇಡ ಸರ್, ಪಕ್ಕೆ ನೋವಿದೆ’ ಅಂದರೆ ಸಾಕು. ಕಾರಣ ಹೇಳಲೇಬೇಕೆಂದೂ ಇಲ್ಲ. ಇದರ ಬೆಲೆ ಒಂದಿಷ್ಟು ಮುಜುಗರ, ಒಂದೆರಡು ದಿನ ಮುಖ ಗಂಟಿಕ್ಕಿಕೊಂಡಾರು. ನಿಮಗಿಂತ 33 ಕೆಜಿ ಜಾಸ್ತಿ ಇರುವ, ಭಾರ ಎಲ್ಲಿ ಬೀಳುತ್ತಿದೆ ಅಂತ ನೋಡದ ವ್ಯಕ್ತಿಯ ಕೆಳಗೆ ಮತ್ತೆ ಹೋಗುವುದಕ್ಕಿಂತ ಆ ಮುಜುಗರ ಅಗ್ಗ. ತೂಕ ಜಾಸ್ತಿ ಇರುವವರೆಲ್ಲ ಅಪಾಯ ಅಂತ ಅಲ್ಲ. ನನಗೆ ಗೊತ್ತಿರುವ ಅತಿ ಹಗುರವಾಗಿ ಆಡುವ ಜೊತೆಗಾರರಲ್ಲಿ ಕೆಲವರು ನೂರು ಕೆಜಿ ದಾಟಿದವರು. ಅವರು ಕೀಲಿನ ಪಟ್ಟನ್ನು ಮುಕ್ಕಾಲು ಹಾಕಿ ನಿಂತು, ನಿಮ್ಮ ಕೈ ತಟ್ಟುವುದನ್ನು ಕಾಯುತ್ತಾರೆ. ಇಬ್ಬರು ಉರುಳುತ್ತಾ ನಿಮ್ಮ ಕಡೆ ಬಂದರೆ ತಮ್ಮ ಬೆನ್ನು ಕೊಟ್ಟು ತಡೆಯುತ್ತಾರೆ. ಅಂಥವರನ್ನು ಗುರುತಿಟ್ಟುಕೊಳ್ಳಿ, ಅವರ ಜೊತೆ ಎಷ್ಟು ರೌಂಡ್ ಸಿಕ್ಕರೂ ಬಿಡಬೇಡಿ.

ಎಲ್ಲರ ಜೊತೆಗೂ ನಿಂತ ನಿಲುವಿನಿಂದ ಶುರು ಮಾಡುವುದನ್ನು ಸದ್ಯಕ್ಕೆ ಬಿಡಿ. ಊರಿದ ಕಾಲಿನ ಮೇಲೆ ಇನ್ನೊಬ್ಬರ ಮೈ ಬಿದ್ದಾಗ ಮಂಡಿ ಹೋಗುವುದನ್ನು ಸಾಕಷ್ಟು ನೋಡಿದ್ದೇನೆ. ತೂಕದ ಅಂತರ ಇಷ್ಟಿರುವಾಗ ಕೂತೇ ಶುರು ಮಾಡಿ.

ಶನಿವಾರದ ಬ್ಯಾಚ್‌ಗೆ ಖಂಡಿತ ಹೋಗಿ. ಮೇಲಿನವರ ಜೊತೆ ಆಡಿದರೆ ಮಾತ್ರ ಬೆಳೆಯುತ್ತೇವೆ ಅನ್ನುವುದು ಅರ್ಧ ಸತ್ಯ. ಅವರ ಜೊತೆ ನೀವು ರಕ್ಷಣೆ ಕಲಿಯುತ್ತೀರಿ. ಆದರೆ ಗಾರ್ಡ್ (ಕೆಳಗಿರುವವರು ಕಾಲುಗಳಿಂದ ಕಟ್ಟುವ ತಡೆ) ದಾಟುವುದು, ಮೌಂಟ್ (ಎದುರಾಳಿಯ ಮೈಮೇಲೆ ಕೂತ ಸ್ಥಿತಿ) ಹಿಡಿದು ನಿಲ್ಲುವುದು, ಒಂದು ಪಟ್ಟನ್ನು ಕೊನೆಯವರೆಗೆ ಒಯ್ಯುವುದು ಇವೆಲ್ಲ ಅಲ್ಲಿ ಸಿಗುವುದೇ ಇಲ್ಲ. ಬರೀ ಹಿರಿಯರ ಜೊತೆ ಬೆಳೆದವರನ್ನು ನೋಡಿದ್ದೇನೆ. ಬಿಡಿಸಿಕೊಳ್ಳುವುದರಲ್ಲಿ ಎತ್ತಿದ ಕೈ, ಮೇಲೆ ಬಂದರೆ ಏನು ಮಾಡಬೇಕೋ ತೋಚುವುದಿಲ್ಲ. ಸಮಾನರ ಜೊತೆ, ನಿಮಗಿಂತ ಹೊಸಬರ ಜೊತೆ ನಿಮ್ಮ ಪಟ್ಟುಗಳು ಹದಕ್ಕೆ ಬರುತ್ತವೆ. ವಾರಕ್ಕೆ ಆರು ರೌಂಡ್ ಆಡುವವರಾದರೆ ಎರಡು ಮೂರು ಹಿರಿಯರ ಜೊತೆ ಸಾಕು. ಒಂದು ಎಚ್ಚರಿಕೆ ಮಾತ್ರ: ಹೊಸಬರ ಬ್ಯಾಚ್ ಅಂದರೆ ನಿರಪಾಯ ಅಂತ ಅಲ್ಲ. ಅಲ್ಲಿ ಕೀಲಿನ ಪಟ್ಟನ್ನು ಝಟ್ಟನೆ ಎಳೆಯುವವರು, ಬಿಡುವುದನ್ನೇ ಮರೆಯುವವರು ಇರುತ್ತಾರೆ. ಇಂಥವರ ಜೊತೆ ಇನ್ನೂ ಬೇಗ ಟ್ಯಾಪ್ ಮಾಡಿ. ನಿಮಗಿಂತ ಹಗುರ ಇರುವವರು ಸಿಕ್ಕರೆ, ಹಿರಿಯರಿಂದ ನಿಮಗೆ ಏನು ಬೇಕಿತ್ತೋ ಅದನ್ನು ನೀವೇ ಕೊಡಿ.

ಇಷ್ಟೂ ಮಾಡುವ ಮುಂಚೆ ಕೋಚ್ ಜೊತೆ ಕ್ಲಾಸ್ ಮುಗಿದ ಮೇಲೆ ಐದು ನಿಮಿಷ ಮಾತಾಡಿ. ಪಕ್ಕೆಲುಬು, ಹೀಲ್ ಹುಕ್, ಜೊತೆಗಾರರ ಆಯ್ಕೆ, ಮೂರೂ ಹೇಳಿ. ಹೆಚ್ಚಿನ ಕೋಚ್‌ಗಳು ಮುಂದಿನ ಕ್ಲಾಸಿನಿಂದಲೇ ಜೋಡಿ ಬದಲಾಯಿಸುತ್ತಾರೆ. ‘ಇದೆಲ್ಲ ಇದ್ದದ್ದೇ, ಗಟ್ಟಿಯಾಗು’ ಅಂತ ತಳ್ಳಿಹಾಕಿದರೆ ಬೇರೆ ಜಿಮ್ ನೋಡುವುದರಲ್ಲಿ ತಪ್ಪಿಲ್ಲ. ಹೊಸ ಜಾಗಕ್ಕೆ ಹೋದರೆ ಮೊದಲ ದಿನ ರೋಲ್ ಮಾಡಬೇಡಿ, ಬದಿಯಲ್ಲಿ ಕೂತು ನೋಡಿ. ಬ್ರೌನ್ ಬೆಲ್ಟ್‌ನವರು ವೈಟ್ ಬೆಲ್ಟ್‌ನವರ ಜೊತೆ ಆಡುವಾಗ ಪಟ್ಟು ಹಾಕಿ ಕಾಯುತ್ತಾರಾ, ಎಳೆಯುತ್ತಾರಾ? ಯಾರಾದರೂ ರೌಂಡ್ ಬೇಡ ಅಂದಾಗ ಉಳಿದವರು ಏನು ಮಾಡುತ್ತಾರೆ? ಈ ಎರಡಕ್ಕೆ ಉತ್ತರ ಕಂಡ ಮೇಲೆ ಹಣ ಕಟ್ಟಿ.